ಬಾರ್ಲಿ ಮೇಡಂ ಮತ್ತು ಒಂದು ಹಿಡಿ ಗೊಬ್ಬರ

ಕೃಷಿ ವಿಶ್ವವಿದ್ಯಾಲಯದಲ್ಲಿ ಅವಳನ್ನು ಎಲ್ಲರೂ ಬಾರ್ಲಿ ಮೇಡಂ ಎಂದೇ ಕರೆಯುತ್ತಿದ್ದರು. ಗೋಧಿಯ ತಳಿ ರೂಪಿಸುವವರಿಗೆ ಹೊಸ ಕಟ್ಟಡ, ಹೊಸ ಜೀಪು. ಬಾರ್ಲಿಯ ಇವಳಿಗೆ ಮೆಟ್ಟಿಲ ಕೆಳಗಿನ ಕೋಣೆ, ಅದರ ತುಂಬ ಬೀಜದ ಚೀಲ, ಕಾಲಿಡಲು ಜಾಗವಿಲ್ಲ. ಅದನ್ನು ಹೇಗೋ ಸಹಿಸಿಕೊಂಡಿದ್ದಳು. ಹೊಸ ತಳಿ ಒಳ್ಳೆಯದೋ ಅಲ್ಲವೋ ತಿಳಿಯಬೇಕಾದರೆ ಪಕ್ಕದಲ್ಲೇ ಹಳೆಯ ತಳಿ ಬಿತ್ತಬೇಕು, ಎರಡಕ್ಕೂ ಒಂದೇ ನೀರು, ಒಂದೇ ಗೊಬ್ಬರ ಕೊಡಬೇಕು. ಇಷ್ಟು ಸಣ್ಣ ವಿಷಯವನ್ನು ರೈತರ ತಲೆಗೆ ತುಂಬುವುದರಲ್ಲೇ ಅವಳ ಕೂದಲು ಹಣ್ಣಾಗಿತ್ತು. ಮನೆಯಲ್ಲೂ ಅದೇ ರಾಗ. “ಅಮ್ಮಾ, ನನ್ನ ಪಕ್ಕದಲ್ಲೇ ಇನ್ನೊಂದು ಮಗೂನೂ ಬೆಳೆಸಬೇಕಿತ್ತು ನೀನು. ಆಗ ಗೊತ್ತಾಗ್ತಿತ್ತು ನಾನು ಹೇಗೆ ಅಂತ” ಎಂದು ಮಗಳು ರೇಗಿಸುತ್ತಿದ್ದಳು.

ಈ ಸಲ ಮಾತ್ರ ತಮಾಷೆಯ ಹೊತ್ತಾಗಿರಲಿಲ್ಲ. ನಿವೃತ್ತಿ ಬಾಗಿಲಲ್ಲಿ ನಿಂತಿತ್ತು. ಅವಳು ವರ್ಷಾನುಗಟ್ಟಲೆ ಕಷ್ಟಪಟ್ಟು ರೂಪಿಸಿದ ತಳಿಗೆ ಒಪ್ಪಿಗೆ ಸಿಗಲು ರೈತರೊಬ್ಬರ ಹೊಲದ ಪರೀಕ್ಷೆಯೊಂದೇ ಬಾಕಿ. ಅದನ್ನು ನಂಬಿ ಒಪ್ಪಿಸಿದ್ದು ದೊಡ್ಡ ಕೂಡುಕುಟುಂಬದ ಹಿರಿಯ ರೈತರೊಬ್ಬರಿಗೆ; ಊರಿಗೆಲ್ಲ ಅವರು ಯಜಮಾನರು. ಹಿಂದೊಮ್ಮೆ ರೋಗ ಹತ್ತಿದ ಅವರ ಗೋಧಿಯನ್ನು ಇವಳು ಉಳಿಸಿಕೊಟ್ಟಿದ್ದಳು. ಅಂದಿನಿಂದ ಇವಳ ಮಾತೆಂದರೆ ಅವರಿಗೆ ವೇದವಾಕ್ಯ. ಹಾಗಂತ ಇವಳು ಅಂದುಕೊಂಡಿದ್ದಳು.

ತಳಿಗೆ ಒಪ್ಪಿಗೆ ಕೊಡುವ ಸಮಿತಿಯವರು ಬರುವುದಕ್ಕೆ ಸ್ವಲ್ಪ ಮುಂಚೆ ಅವಳು ಹೊಲ ತಲುಪಿದಳು. ಹಳೆಯ ತಳಿ ನೆಟ್ಟಗೆ ನಿಂತಿದೆ. ಇವಳದು ಚಾಪೆ ಹಾಸಿದ ಹಾಗೆ ನೆಲಕ್ಕೆ ಮಲಗಿಬಿಟ್ಟಿದೆ!

“ಗೊಬ್ಬರ ಎಷ್ಟು ಹಾಕಿದ್ರಿ ಯಜಮಾನ್ರೇ?”

“ಹಳೇದಕ್ಕೆ ನೀವು ಹೇಳಿದಷ್ಟೇ ಮೇಡಂ.”

“ಹೊಸದಕ್ಕೆ?”

“ಸ್ವಲ್ಪ ಕೈ ಬಿಚ್ಚಿ ಹಾಕ್ದೆ. ನಿಮ್ಮ ಮರ್ಯಾದೆ ಪ್ರಶ್ನೆ ಅಲ್ವಾ?”

ಅವಳು ಹಣೆ ಚಚ್ಚಿಕೊಂಡಳು. ಗೊಬ್ಬರ ಅತಿಯಾದರೆ ಬಾರ್ಲಿ ಸರಸರನೆ ಎತ್ತರಕ್ಕೆ ಹೋಗುತ್ತದೆ, ದಂಟಿಗೆ ಕಸುವಿರುವುದಿಲ್ಲ, ಗಾಳಿ ಬೀಸಿದರೆ ಮಲಗುತ್ತದೆ. ಇದನ್ನು ಅವರ ಕಟ್ಟೆಯ ಮೇಲೆ ಕೂತು ಎಷ್ಟು ಸಲ ಹೇಳಿರಲಿಲ್ಲ! ಪ್ರತಿ ಸಲವೂ ಈ ಮಹಾನುಭಾವರು ತಲೆಯಾಡಿಸಿದ್ದೇ ಆಡಿಸಿದ್ದು.

ಬೈಯಲು ಬಾಯಿ ತೆರೆಯುವಷ್ಟರಲ್ಲಿ ಸಮಿತಿಯ ಜೀಪು ಬಂತು. ಅದರ ಹಿಂದೆಯೇ ಯಜಮಾನರ ತಮ್ಮಂದಿರು, ಸೊಸೆಯರೂ ಬಂದು ಬದುವಿನ ಮೇಲೆ ನಿಂತರು. ಅಧ್ಯಕ್ಷರು ಮಲಗಿದ ಬೆಳೆಯನ್ನು ನೋಡಿ, ಯಜಮಾನರ ಕಡೆ ತಿರುಗಿದರು. “ಎರಡಕ್ಕೂ ಒಂದೇ ಗೊಬ್ಬರ ತಾನೇ?”

ಮೇಡಂ ಮಾತು ಮೀರಿದೆನೆಂದು ಹೇಳಿದರೆ ಮೇಡಂ ಮರ್ಯಾದೆ ಏನಾಗಬೇಕು ಎಂದುಕೊಂಡರೋ ಏನೋ, ಯಜಮಾನರು ಎದೆಯುಬ್ಬಿಸಿ ಹೇಳಿಯೇಬಿಟ್ಟರು: “ಸತ್ಯವಾಗ್ಲೂ ಒಂದೇ ಸಾರ್! ಮೇಡಂ ಹೇಳಿದ ಹಾಗೇ ಮಾಡಿದ್ದೀನಿ!”

ಒಂದೇ ಗೊಬ್ಬರದಲ್ಲಿ ಹಳೆಯದು ನಿಂತು ಹೊಸದು ಬಿದ್ದಿದೆ ಎಂದರೆ ತಳಿಯೇ ದುರ್ಬಲ ಎಂದಾಯಿತು. ಅಧ್ಯಕ್ಷರು ಪೆನ್ನು ತೆಗೆದರು. ಇವಳು ಸುಮ್ಮನಿದ್ದರೆ ಬಾರ್ಲಿ ಅಲ್ಲಿಗೇ ಮುಗಿಯಿತು. ಮಾತಾಡಿದರೆ ತಮ್ಮಂದಿರು, ಸೊಸೆಯರ ಎದುರಿಗೆ ಈ ಹಿರಿಯರ ಮುಖ ಎಲ್ಲಿಡುವುದು? ಯಜಮಾನರೋ, ದೊಡ್ಡ ಉಪಕಾರ ಮಾಡಿದವರ ಹಾಗೆ ಅವಳನ್ನೇ ನೋಡಿ ನಗುತ್ತಿದ್ದರು.

“ಸುಳ್ಳು!” ಎಂದಳು. “ಹೊಸದಕ್ಕೆ ಗೊಬ್ಬರ ಹೆಚ್ಚು ಸುರಿದಿದ್ದಾರೆ. ನನ್ನ ಎದುರಿಗೇ ಒಪ್ಪಿಕೊಂಡ್ರು.”

ಯಜಮಾನರ ನಗು ಆರಿಹೋಯಿತು. ಅಧ್ಯಕ್ಷರು ಈ ಹೊಲವನ್ನು ಲೆಕ್ಕದಿಂದ ಬಿಟ್ಟರು. ಮುಂದಿನ ಹಂಗಾಮಿಗೆ ಇಲ್ಲೇ ಮತ್ತೆ ಬಿತ್ತಲಿ, ಆಗ ತೀರ್ಮಾನಿಸೋಣ ಎಂದು ಜೀಪು ಹತ್ತಿದರು.

ಮನೆಯವರೂ ಒಬ್ಬೊಬ್ಬರಾಗಿ ಹೊರಟರು. ಉಳಿದವರು ಇಬ್ಬರೇ. ಯಜಮಾನರು ಬಿದ್ದ ತೆನೆಯೊಂದನ್ನು ಎತ್ತಿ ನಿಲ್ಲಿಸಲು ನೋಡಿದರು. ಅದು ಮತ್ತೆ ಬಿತ್ತು.

“ಬಿಡಿ ಅದನ್ನ” ಎಂದು ಅವಳು ಸಿಡುಕಿದಳು. “ಮುಂದಿನ ಸಲ ನಾನಿರಲ್ಲ, ಬೇರೆಯವರು ಬರ್ತಾರೆ. ಅವರ ಮರ್ಯಾದೆಗೂ ಹೀಗೇ ಸುರೀತೀರಾ?”

“ಅವರು ನನಗೇನಾಗ್ಬೇಕು ಮೇಡಂ, ಹಾಗೆ ಸುರಿಯೋಕೆ?” ಯಜಮಾನರು ತಲೆ ಎತ್ತಲಿಲ್ಲ. “ಎರಡಕ್ಕೂ ಒಂದೇ ಹಾಕ್ತೀನಿ. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಮ್ಮಿ ಇಲ್ಲ.”

ಇಷ್ಟು ವರ್ಷ ಊರೂರು ಅಲೆದು ಅವಳು ಕೇಳಬಯಸಿದ್ದು ಇದೇ ಮಾತು. ಕೇಳಿದ್ದೇ ತಡ, ಅವಳಿಗೆ ಅಳು ಬಂತು.