ಅಕ್ಕೋರ ಮೀನು ಏನು ತಿನ್ನುತ್ತಿತ್ತು

ಮೀನಿನ ತೊಟ್ಟಿಯ ತಳದ ಜಲ್ಲಿಯನ್ನು ಬಕೆಟ್ಟಿಗೆ ಸುರಿದು ತೊಳೆಯುತ್ತಿದ್ದೆ. ಕೆರೆಯಂಚಿನ ಕೆಸರಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಬೆರಳಿಗೆ ಏನೋ ಚುಚ್ಚಿತು. ಎತ್ತಿ ನೋಡಿದರೆ ಬಸವನಹುಳುವಿನ ಚಿಪ್ಪಿನ ಚೂರು. ಇನ್ನೊಂದು ಹಿಡಿ ಎತ್ತಿದೆ... ಅದರಲ್ಲೂ ಚಿಪ್ಪು. ಈ ತೊಟ್ಟಿ ಮೂರು ವರ್ಷ ಇದ್ದದ್ದು ಸೊರಬದಲ್ಲಿ, ಮೊಟ್ಟೆಯೂ ಹೊಸಿಲು ದಾಟದ ಮನೆಯಲ್ಲಿ. ಆ ಮನೆಯ ಅಕ್ಕೋರು, ನನ್ನ ಹಳೆಯ ಟೀಚರು, ತಮ್ಮ ಮೀನು ಪೊಟ್ಟಣದ ಸಸ್ಯಾಹಾರಿ ಕಾಳು ತಿಂದೇ ಬದುಕಿದೆ ಎಂದು ನನಗೆ ಹೇಳುತ್ತಲೇ ಬಂದಿದ್ದರು. ನಾನು ನಂಬಿದ್ದೆ. ಯಾರ ಮಾತನ್ನೂ ಸುಮ್ಮನೆ ನಂಬುವವಳಲ್ಲ ನಾನು. ಆದರೆ ಆ ಮಾತು ನನ್ನ ವಾದಕ್ಕೆ ಅನುಕೂಲವಾಗಿತ್ತು.

ಹೈಸ್ಕೂಲಿನಲ್ಲಿ ನನ್ನನ್ನು ಚರ್ಚಾ ಸ್ಪರ್ಧೆಗೆ ತಯಾರು ಮಾಡಿದವರು ಅಕ್ಕೋರು. ಏನು ಹೇಳಿದರೂ "ಪುರಾವೆ ಎಲ್ಲೈತೆ?" ಎನ್ನುತ್ತಿದ್ದರು. ನನ್ನ ಒಂದು ಸಡಿಲ ವಾಕ್ಯವನ್ನೂ ಅವರು ಎಂದೂ ಸುಮ್ಮನೆ ಬಿಟ್ಟವರಲ್ಲ. ನಿವೃತ್ತರಾದ ಮೇಲೆ, ತಂಗಿಯ ಜೊತೆ ಇದ್ದ ಮನೆಗೆ ಒಂದು ಮೀನು ಬೇಕೆಂದರು. ಹಿಂಡು ಬೇಡ, ಒಂದೇ ಇರಬೇಕು, ಆದರೆ ಅದು ತಮ್ಮ ಮುಖ ನೋಡಬೇಕು! ಪಫರ್ ತನ್ನಿ ಎಂದವಳು ನಾನೇ. ಹೆದರಿದರೆ ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಅದು. ಜೊತೆಗೆ ಇನ್ನೊಂದನ್ನು ಬಿಟ್ಟರೆ ಅದರ ರೆಕ್ಕೆ ಹರಿಯುತ್ತದೆ, ಒಂಟಿಯಾಗಿಯೇ ಇಡಬೇಕು.

ಇಬ್ಬರೂ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದೆವು. ಸಾಕುಮೀನಿನ ಅಂಗಡಿಯವರು ಮೊದಲು ತೋರಿಸಿದ್ದು ಹಳದಿ ಮೈಮೇಲೆ ಕಪ್ಪು ಚುಕ್ಕೆಯ ಚೆಂದದ ಮರಿ. ನಾನು ಕೈ ಚಾಚಿಯೇಬಿಟ್ಟಿದ್ದೆ. ಅಕ್ಕೋರು ಕೇಳಿದರು, "ಇದು ಸಿಹಿನೀರಿಂದು ಹೌದೇನಪ್ಪ?"

ಅಂಗಡಿಯವರು ತಲೆ ಕೆರೆದುಕೊಂಡರು. "ಸಣ್ಣದಿದ್ದಾಗ ಇರ್ತೈತ್ರೀ. ದೊಡ್ಡದಾದ್ಮ್ಯಾಲೆ ಉಪ್ಪುನೀರು ಬೇಡ್ತೈತಿ."

"ಹಂಗಾದ್ರೆ ಬ್ಯಾಡ. ಸೊರಬಕ್ಕೆ ಸಮುದ್ರ ತರಾಕಾಗಲ್ಲ."

ಮೂಲೆಯ ತೊಟ್ಟಿಯಲ್ಲಿ ಬೆರಳುದ್ದದ ಇನ್ನೊಂದು ಪಫರ್ ಇತ್ತು. ಹಸಿರು ಬೆನ್ನು, ಪಕ್ಕೆಯ ಮೇಲೊಂದು ಕಪ್ಪು ಮಚ್ಚೆ. ಅದು ಕೊನೆಯವರೆಗೂ ಸಿಹಿನೀರಿನದೇ. ಅಕ್ಕೋರು ಗಾಜಿನ ಮೇಲೆ ಬೆರಳು ಸರಿಸಿದರು. ಮೀನು ಕದಲಲಿಲ್ಲ, ಒಂದು ಕಣ್ಣು ಮಾತ್ರ ಬೆರಳಿನ ಹಿಂದೆ ಹೊರಳಿತು. ಇನ್ನೊಂದು ಕಣ್ಣು ನನ್ನನ್ನು ನೋಡುತ್ತಿತ್ತು. ಅಕ್ಕೋರು ಮಗುವಿನಂತೆ ನಕ್ಕರು.

"ಬಸವನಹುಳ ಹಾಕ್ಬೇಕ್ರೀ, ಚಿಪ್ಪಿನ ಸಮೇತ," ಎಂದರು ಅಂಗಡಿಯವರು. "ಕಡೀತಾ ಇದ್ರೆ ಹಲ್ಲು ಸವೀತಾವು. ಇಲ್ಲಾಂದ್ರೆ ಬೆಳ್ದು ಬೆಳ್ದು ಬಾಯಿ ತೆಗಿಯಾಕೇ ಬರಂಗಿಲ್ಲ."

ಅಕ್ಕೋರ ಬೆರಳು ಗಾಜಿನಿಂದ ಹಿಂದೆ ಬಂತು. "ಹೆಸ್ರಲ್ಲೇ ಬಸವ ಅವ್ನೆ. ಬೆಳಿಗ್ಗೆ ಲಿಂಗಪೂಜೆ ಮಾಡಿ ಅದನ್ನ ಇದ್ರ ಬಾಯಿಗೆ ಹಾಕ್ಲೇನೇ? ನಡಿ, ಹೋಗಣ."

ಅಲ್ಲಿಗೆ ಮುಗಿಯಬೇಕಿತ್ತು. ನಾನು ಬಿಡಲಿಲ್ಲ. ಹಸಿದ ಪ್ರಾಣಿ ಕಾಳು ಕೊಟ್ಟರೂ ತಿಂದೇ ತಿನ್ನುತ್ತದೆ ಎಂದು ಶುರು ಮಾಡಿದೆ. ಅವರ ಮನೆಯ ಬೆಕ್ಕು ಹಾಲು-ಅನ್ನದಲ್ಲೇ ಮುದಿಯಾಗಲಿಲ್ಲವೇ?

"ಇಲಿ ತಿನ್ನೋವಾಗ ನಿಮಗ್ಹೇಳಿ ತಿಂತೈತೇನ್ರೀ ಬೆಕ್ಕು?" ಎಂದರು ಅಂಗಡಿಯವರು.

"ನೀವು ನೋಡಿದೀರಾ?" ಎಂದೆ. ಅಕ್ಕೋರು ಮತ್ತೊಮ್ಮೆ ಮೀನಿನತ್ತ ನೋಡಿ ಪರ್ಸ್ ತೆರೆದರು, ಅಂಗಡಿಯವರು ಚೀಲಕ್ಕೆ ನೀರು ತುಂಬಿದರು. ಅದನ್ನು ನಾನು ಗೆಲುವೆಂದು ಬರೆದುಕೊಂಡೆ. ವಾಪಸು ಬರುವಾಗ ಮೀನಿನ ಚೀಲ ಅಕ್ಕೋರ ಸೆರಗಿನ ಮರೆಯಲ್ಲಿತ್ತು. ಬಸ್ಸು ಗುಂಡಿಗೆ ಬೀಳುವ ಮೊದಲೇ ಚೀಲವನ್ನು ಮಡಿಲಿನಿಂದ ಮೇಲೆತ್ತಿ ಹಿಡಿಯುತ್ತಿದ್ದರು.

ವಾರದ ಮೇಲೆ ಫೋನ್ ಮಾಡಿ ಕೇಳಿದೆ. "ಕಾಳು ತಿಂತು ಕಣೇ. ನೀನೇ ಗೆದ್ದೆ," ಎಂದರು. ಅಕ್ಕೋರು ನನ್ನೆದುರು ಸೋಲೊಪ್ಪಿದ್ದು ಅದೊಂದೇ ಸಲ. ಅಂಗಡಿಗೆ ಹೋಗಿ ಅದನ್ನು ಹೇಳಿಯೂ ಬಂದೆ. "ಬದುಕಿದ್ರೆ ಒಳ್ಳೇದೇ ಬಿಡ್ರೀ," ಎಂದರು ಅವರು, "ನಾ ಸೋತ್ರೆ ನನಗೇನು ಹೊಟ್ಟೆನೋವಾ?"

ಅಕ್ಕೋರು ಕೊನೆಯ ಎರಡು ತಿಂಗಳು ಹಾಸಿಗೆ ಹಿಡಿದಿದ್ದರು. ಹೋದ ಮೇಲೆ ತಂಗಿಯವರು ತೊಟ್ಟಿಯ ಸಮೇತ ಮೀನನ್ನು ನನಗೆ ಕೊಟ್ಟರು. ಶಿಕಾರಿಪುರದ ನನ್ನ ರೂಮಿಗೆ ತಂದು ಹದಿನೈದು ದಿನವಾದರೂ ಅದು ಕಾಳನ್ನು ಮೂಸಲಿಲ್ಲ. ಹೊಟ್ಟೆ ಒಳಗೆ ಹೋಗಿತ್ತು, ಹಲ್ಲು ತುಟಿಯಾಚೆ ಚಾಚಿತ್ತು. ನೀರು ಕೆಟ್ಟಿರಬೇಕೆಂದು ಜಲ್ಲಿ ತೊಳೆಯಲು ಕೂತಾಗಲೇ ಆ ಚಿಪ್ಪುಗಳು ಸಿಕ್ಕಿದ್ದು. ಹಾಸಿಗೆ ಹಿಡಿಯುವವರೆಗೂ ಅಕ್ಕೋರು ಬಸವನಹುಳುಗಳನ್ನೇ ತಂದು ಹಾಕಿದ್ದಾರೆ. ಆಮೇಲೆ ತೊಟ್ಟಿಯೊಳಗೇ ಹುಟ್ಟಿದ ಮರಿಹುಳುಗಳನ್ನು ಹೆಕ್ಕಿಕೊಂಡು ಮೀನು ಹೇಗೋ ಜೀವ ಹಿಡಿದಿತ್ತೇನೋ.

ಯಾಕೆ ಹೇಳಲಿಲ್ಲ? ತಂಗಿಗೆ ಗೊತ್ತಾಗದಿರಲಿ ಎಂದೇ? ಹಾಗಿದ್ದರೆ ನನಗೊಬ್ಬಳಿಗೆ ಹೇಳಬಹುದಿತ್ತಲ್ಲ. ನನಗೆ ಬೇಜಾರಾಗದಿರಲಿ ಎಂದೇ? ನನ್ನ ಬೇಜಾರಿಗೆ ಅವರು ಯಾವತ್ತು ಸೊಪ್ಪು ಹಾಕಿದ್ದರು! ನನ್ನ ತಪ್ಪನ್ನು ತಿದ್ದದೆ, ಅದರ ಪಾಪವನ್ನು ತಾವೇ ಹೊತ್ತರೇ? ಪಾಪ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅವರು ಒಪ್ಪುತ್ತಿದ್ದರು... ದಿನಾ ಬೆಳಿಗ್ಗೆ ಒಪ್ಪಿಕೊಂಡೇ ಮಾಡಿದರು. ಕೂತಲ್ಲಿ ಕೂರಲಾಗದೆ ಎದ್ದು ಚಪ್ಪಲಿ ಮೆಟ್ಟಿದೆ.

ಗದ್ದೆಯ ಕಾಲುವೆಯಲ್ಲಿ ಏಳು ಹುಳು ಸಿಕ್ಕವು. ಒಂದನ್ನು ತೊಟ್ಟಿಗೆ ಬಿಟ್ಟೆ. ಮೀನು ಬಾಣದಂತೆ ಬಂತು, ಕಚ್ಚಲು ಹೋಯಿತು, ಬಾಯಿ ತೆರೆಯಲಾಗದೆ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಚಿಪ್ಪನ್ನು ನಾನೇ ಒಡೆಯಬೇಕಾಯಿತು. ಹೆಬ್ಬೆರಳಿನ ಕೆಳಗೆ ಅದು ಒಡೆಯುವ ಮೊದಲು ಒಳಗಿನ ಜೀವ ಮುದುಡಿಕೊಂಡದ್ದು ತಿಳಿಯಿತು. ಕಣ್ಣು ಮುಚ್ಚಿ ಒತ್ತಿದೆ. ಮೀನು ಆ ಮೆತ್ತನೆಯದನ್ನು ಚೂರುಚೂರಾಗಿ ಎಳೆದು ತಿಂದಿತು. ಹಲ್ಲು ಕತ್ತರಿಸಿಕೊಡಲು ಅಂಗಡಿಯವರು ಭಾನುವಾರ ಬರುತ್ತಾರಂತೆ. ಸೋತೆನೆಂದು ಅವರಿಗೆ ಫೋನಿನಲ್ಲೇ ಹೇಳಿದ್ದೇನೆ.

ಎರಡನೆಯದನ್ನು ಒಡೆಯುವಷ್ಟರಲ್ಲಿ ಸೊರಬದಿಂದ ತಂಗಿಯವರ ಫೋನ್ ಬಂತು. ಅಕ್ಕೋರು ಬೆಳಿಗ್ಗೆ ಎಲ್ಲಿಗೆ ಹೋಗುತ್ತಿದ್ದರೆಂದು ಸುಮ್ಮನೆ ಕೇಳಿದಂತೆ ಕೇಳಿದೆ.

"ಕೆರೆ ಕಡೆ, ಹೂವಿನ ಬುಟ್ಟಿ ಹಿಡ್ಕಂಡು. ತರೋದು ನಾಕೇ ಹೂವು, ಅದಕ್ಕೊಂದು ತಾಸು! ಬಂದು ಎರಡನೇ ಸಲ ಸ್ನಾನ ಬೇರೆ ಮಾಡೋಳು. ಏನು ಮಡಿನೋ ಏನೋ... ಅದಿರ್ಲಿ, ನಮ್ಮಕ್ಕನ ಮೀನು ಹೆಂಗೈತೆ? ಕಾಳು ತಿಂತೈತೇನೇ?"

"ತಿಂತೈತ್ರೀ ಅಮ್ಮಾರೇ," ಎಂದೆ. "ಚೆನ್ನಾಗಿ ತಿಂತೈತೆ."

ಒಂದು ಕ್ಷಣವೂ ತಡವರಿಸಲಿಲ್ಲ ನಾನು. ಹಾಗೆ ಯಾಕೆ ಅಂದೆನೋ ನನಗೇ ಗೊತ್ತಿಲ್ಲ. ಅಕ್ಕೋರಿಗೆ ಗೊತ್ತಿರುತ್ತಿತ್ತು... ಕೇಳೋಣವೆಂದರೆ ಅವರಿಲ್ಲ.