ತರೀಕೆರೆ ಮೇಲಿನ ಮೋಡದಲ್ಲಿ ಯಾರ ಕೈ

...ಅಥವಾ ಮಳೆ ಶುರುವಾದದ್ದು ಕಡೂರಿಗಿಂತ ಮೊದಲೇ ಇರಬಹುದು. ಅವತ್ತಿನ ಹಾರಾಟದ ಕಥೆ ಹೇಳುವಾಗಲೆಲ್ಲ ಕಡೂರು ದಾಟಿದ ಮೇಲೆ ಎನ್ನುತ್ತೇನೆ. ಹೇಳಿ ಹೇಳಿ ಅದೇ ನಿಜವಾಗಿಬಿಟ್ಟಿದೆ. ಒಂದೊಂದು ಸಲ ಹೇಳಿದಾಗಲೂ ಆ ಮೋಡ ಇನ್ನಷ್ಟು ಕಪ್ಪಾಗುತ್ತಿದೆ ಎಂಬ ಅನುಮಾನವೂ ಇದೆ. ಆದ್ದರಿಂದ ನೀವು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ. ನಾನೇ ನಂಬುತ್ತಿಲ್ಲ.

ಇಂಥ ಸಂಗತಿಗಳನ್ನು ನಾನು ಎಂದೂ ನಂಬಿದವನಲ್ಲ. ನಮ್ಮ ದೊಡ್ಡಪ್ಪ ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುತ್ತಿದ್ದರು. ಒಂದು ಬೆಳಿಗ್ಗೆ ದಟ್ಟ ಮಂಜಿನಲ್ಲಿ ತಮಗೆ ದಾರಿ ತಪ್ಪಿತೆಂದೂ, ದನಗಳನ್ನು ಬೇರೆ ಯಾರೋ ಹೊಡೆದುಕೊಂಡು ಹೋಗಿ ದೊಡ್ಡಿ ಮುಟ್ಟಿಸಿದರೆಂದೂ ಹೇಳುತ್ತಿದ್ದರು. "ನೀವೇ ಹೊಡ್ಕಂಡು ಬಂದಿರ್ತೀರ ದೊಡ್ಡಪ್ಪ, ಮರ್ತೋಗಿರ್ತೀರ" ಎಂದು ನಾನು ನಗುತ್ತಿದ್ದೆ. "ಆಗ್ಲಿ ಕಣಪ್ಪ, ನೀನು ಓದ್ದೋನು" ಎಂದು ಅವರು ಬೀಡಿ ಹಚ್ಚುತ್ತಿದ್ದರು.

ನಾನು ವಿಮಾನದ ಕ್ಯಾಪ್ಟನ್. ಹೋದ ಮಳೆಗಾಲವಲ್ಲ, ಅದರ ಹಿಂದಿನದರಲ್ಲಿ ಒಂದು ಮಧ್ಯಾಹ್ನ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದೆ. ಸಹಪೈಲಟ್ ರೇಖಾ ಅಜ್ಜಂಪುರದವಳು. ಮಗಳು ಓಡಿಸುವ ವಿಮಾನದಲ್ಲಿ ಒಮ್ಮೆ ಕೂರಬೇಕೆಂದು ಅವಳ ತಾಯಿಯೂ ಅವತ್ತು ಹತ್ತಿದ್ದರು. ಅವರಿಗೆ ಅದೇ ಮೊದಲು.

"ವಾಂತಿ ಆಗುತ್ತೆ ಅಂತ ಅಮ್ಮ ಬೆಳಿಗ್ಗಿಂದ ನೀರೂ ಕುಡ್ದಿಲ್ಲ ಸರ್" ಎಂದಳು ರೇಖಾ.

"ಹಂಗಾರೆ ಮೆತ್ತಗೆ ಹೋಗಾಣ ಬಿಡಮ್ಮ."

"ಯಗಟಿಯೋರು ಮೆತ್ತಗೆಲ್ಲಿ ಓಡಿಸ್ತೀರ ಸರ್, ಕುರಿ ಅಟ್ಟಿದಂಗೆ ಅಟ್ತೀರ."

ನನ್ನೂರು ಯಗಟಿ. ಇಬ್ಬರೂ ನಕ್ಕೆವು. ಇಷ್ಟಂತೂ ಖಚಿತವಾಗಿ ನೆನಪಿದೆ.

ತರೀಕೆರೆಯ ಕಡೆ ಮೋಡದೊಳಗೆ ಹೊಕ್ಕಾಗ ಆಟೋಪೈಲಟ್ ಒಮ್ಮೆಲೆ ಕಳಚಿಕೊಂಡು ಎಚ್ಚರಿಕೆಯ ಸದ್ದು ಬಡಿದುಕೊಂಡಿತು. ನನ್ನ ಪರದೆಯಲ್ಲಿ ವೇಗ ಇಳಿಯುತ್ತಿತ್ತು, ರೇಖಾಳ ಪರದೆಯಲ್ಲಿ ಏರುತ್ತಿತ್ತು. ಯಾವುದು ಸುಳ್ಳು? ಸುಳ್ಳನ್ನು ನಂಬಿ ಮೂಗು ಎತ್ತಿದರೂ ಕಷ್ಟ, ತಗ್ಗಿಸಿದರೂ ಕಷ್ಟ. ಇಂಥಲ್ಲಿ ಎರಡನ್ನೂ ನಂಬದೆ, ವಿಮಾನದ ಮೂಗನ್ನೂ ಇಂಜಿನ್ನಿನ ಶಕ್ತಿಯನ್ನೂ ಗೊತ್ತಿರುವ ಅಳತೆಯಲ್ಲಿ ಹಿಡಿದು ಕೂರಬೇಕು. ಹಿಡಿದೆ. ಎಲ್ಲ ಕುಲುಕುತ್ತಿತ್ತು. ಹಿಂದೆ ಯಾರೋ ಕೂಗಿಕೊಂಡರು. ರೇಖಾ ತಿರುಗಿ ನೋಡಲಿಲ್ಲ.

ನಮ್ಮಿಬ್ಬರ ಮುಂದೆಯೂ ಒಂದೊಂದು ಚುಕ್ಕಾಣಿ. ಒಂದು ಆಡಿದರೆ ಇನ್ನೊಂದೂ ಆಡುತ್ತದೆ. ಬಿಟ್ಟುಕೊಡುವವರು "ಯುವರ್ ಕಂಟ್ರೋಲ್" ಎನ್ನಬೇಕು. ಹಿಡಿಯುವವರು "ಮೈ ಕಂಟ್ರೋಲ್" ಎಂದ ಮೇಲೇ ಕೈ ತೆಗೆಯಬೇಕು. ಇಂಥ ತೊಂದರೆಗೆಂದೇ ಇರುವ ಪುಸ್ತಕ ತೆರೆಯಲು ನಾನು "ಯುವರ್ ಕಂಟ್ರೋಲ್" ಎಂದೆ. "ಮೈ ಕಂಟ್ರೋಲ್" ಎಂದು ಕಿವಿಯಲ್ಲಿ ಕೇಳಿಸಿತು. ಕೈ ತೆಗೆದೆ.

ಕುಲುಕಾಟ ಕಡಿಮೆಯಾಯಿತು. ನಾನು ಪುಟ ತಿರುವುತ್ತಿದ್ದೆ, ರೇಖಾ ರೇಡಿಯೋದಲ್ಲಿ ಮಾತಾಡುತ್ತಿದ್ದಳು. ನನ್ನ ಮುಂದಿನ ಚುಕ್ಕಾಣಿ ಸಣ್ಣಗೆ ಆ ಕಡೆ ಈ ಕಡೆ ಆಡುತ್ತಿತ್ತು, ಪಳಗಿದ ಕೈ ಹಿಡಿದಂತೆ. ಎಷ್ಟು ಚೆನ್ನಾಗಿ ಹಿಡಿದಿದ್ದಾಳೆ ಎಂದುಕೊಂಡೆ. ಮೋಡ ಹರಿದು ಕೆಳಗೆ ಭದ್ರೆಯ ನೀರು ಕಂಡಿತು. ಪರದೆಗಳೆರಡೂ ಒಂದೇ ವೇಗ ತೋರಿಸಿದವು. "ಮೈ ಕಂಟ್ರೋಲ್" ಎಂದು ತೆಗೆದುಕೊಂಡು ಇಳಿಸಿದೆ.

ವಿಮಾನದ ಮೆಟ್ಟಿಲ ಬುಡದಲ್ಲಿ ರೇಖಾಳ ತಾಯಿ ಕಂಬಿ ಹಿಡಿದು ನಿಂತಿದ್ದರು. "ಮೊದ್ಲು ಕರುಳು ಬಾಯಿಗೆ ಬಂದ್ಬಿಡ್ತು ಕಣೇ. ಆಮೇಲೆ ತೊಟ್ಲು ತೂಗ್ದಂಗೆ ಹೋಯ್ತಲ್ಲ, ಆವಾಗ ಓಡಿಸಿದ್ದು ಯಾರು, ನೀನೇನೇ?"

"ಸರ್ ಕಣಮ್ಮ" ಎಂದಳು ರೇಖಾ. ಅದೇ ಹೊತ್ತಿಗೆ ನಾನು "ನಿಮ್ಮ ಮಗಳೇ ಕಣ್ರಮ್ಮ" ಎಂದಿದ್ದೆ.

"ಇದೇನಪ್ಪಾ, ಇಬ್ರೂ ಇಷ್ಟು ನಾಚ್ಕಂತೀರ" ಎಂದು ಆಕೆ ನಕ್ಕರು. ನಾವು ಒಬ್ಬರನ್ನೊಬ್ಬರು ನೋಡಿದೆವು.

ನಾನು ಬಿಟ್ಟುಕೊಟ್ಟಿದ್ದು ರೇಖಾಳಿಗೆ ಕೇಳಿಸಿಯೇ ಇರಲಿಲ್ಲ. ಅವಳಿಗೂ ಕೇಳಿದ್ದು "ಮೈ ಕಂಟ್ರೋಲ್" ಮಾತ್ರ. ನಾನೇ ಅಂದೆನೆಂದುಕೊಂಡು ಸುಮ್ಮನಿದ್ದಳಂತೆ. ತನ್ನ ಮುಂದಿನ ಚುಕ್ಕಾಣಿ ಆಡುವುದನ್ನು ಅವಳೂ ನೋಡಿದ್ದಳು. ಆ ಧ್ವನಿ ಹೆಣ್ಣಿನದೋ ಗಂಡಿನದೋ ಎಂದು ಅವಳು ಕೇಳಿದಳು. ಅದನ್ನೇ ನಾನು ಅವಳನ್ನು ಕೇಳುವವನಿದ್ದೆ.

ಕಂಪನಿಗೆ ಇದ್ದದ್ದು ಇದ್ದಂತೆ ಹೇಳಿದೆವು. ವೇಗ ಅಳೆಯುವ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟಿತ್ತಂತೆ. ಆಟೋಪೈಲಟ್ ತಾನಾಗಿ ಮತ್ತೆ ಕೂಡಿಕೊಳ್ಳುವುದಿಲ್ಲ, ಕೂಡಿಕೊಂಡೂ ಇರಲಿಲ್ಲ. ಚುಕ್ಕಾಣಿ ಆಡಿದ್ದು ದಾಖಲಾಗಿತ್ತು; ಯಾವ ಕಡೆಯಿಂದ ಎಂದು ಹೇಳಲಾಗಲಿಲ್ಲ. ನಮ್ಮ ಮಾತಿನ ಧ್ವನಿಮುದ್ರಣದ ಮೇಲೆ ಆಗಲೇ ಮುಂದಿನ ಹಾರಾಟಗಳ ಮಾತು ತುಂಬಿಕೊಂಡಿತ್ತು. "ಗಾಬರಿಯಲ್ಲಿ ನಿಮ್ಮಲ್ಲೊಬ್ಬರು ಹಿಡಿದು ಮರೆತಿದ್ದೀರಿ" ಎಂದರು ತರಬೇತಿ ಅಧಿಕಾರಿ. ದೊಡ್ಡಪ್ಪನಿಗೆ ನಾನು ಹೇಳುತ್ತಿದ್ದ ಮಾತೇ. ಸರಿಯೂ ಇರಬಹುದು. ಹಾಗಿದ್ದರೆ ಮರೆತವರು ಯಾರು? ಕೈ ನನ್ನದೇ ಆಗಿದ್ದರೆ, ಪುಟ ತಿರುವಿದ್ದು ಯಾವ ಕೈಯಿಂದ?

ಆಮೇಲೂ ನಾವಿಬ್ಬರೂ ಜೊತೆಯಲ್ಲಿ ಹಾರಿದ್ದೇವೆ. ಈಗ "ಮೈ ಕಂಟ್ರೋಲ್" ಎಂದಾದ ಮೇಲೆ ಇಬ್ಬರೂ ತಿರುಗಿ ಒಬ್ಬರ ಕೈ ಒಬ್ಬರು ನೋಡುತ್ತೇವೆ. ತಾಯಿ ಮಾತ್ರ ಮತ್ತೆ ವಿಮಾನ ಹತ್ತಿಲ್ಲ. ಅವತ್ತು ನಡುವೆ ಓಡಿಸಿದ್ದು ಯಾರು ಅಂತ ಹೇಳು, ಅವ್ರು ಓಡ್ಸಾದಾದ್ರೆ ಬತ್ತೀನಿ ಎನ್ನುತ್ತಾರಂತೆ ಫೋನಿನಲ್ಲಿ. "ಏನು ಹೇಳ್ಲಿ ಸರ್?" ಎಂದು ರೇಖಾ ನನ್ನನ್ನು ಕೇಳುತ್ತಾಳೆ.