ವಾರ್ಡಿನಲ್ಲಿ ರೆಸ್ಲಿಂಗ್ ನೋಡಬಾರದೇ?

ಕಳೆದ ಮಂಗಳವಾರ ಬೆಳಿಗ್ಗೆ ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ಮೂರು ಮೆಷಿನ್‌ಗಳ ಅಲಾರಂ ಒಟ್ಟಿಗೆ ಹೊಡೆದುಕೊಂಡವು. ಯಾರಿಗೂ ಏನೂ ಆಗಿರಲಿಲ್ಲ. ಅಮೆರಿಕದಲ್ಲೊಬ್ಬ ದೈತ್ಯ ಇನ್ನೊಬ್ಬನನ್ನು ಎತ್ತಿ ಮೇಜಿನ ಮೇಲೆ ಒಗೆದಿದ್ದ. ನೋಡುತ್ತಿದ್ದ ನಾವು ಮೂವರೂ ಸೂಜಿ ಚುಚ್ಚಿದ ಕೈಯನ್ನು ಅಲುಗಾಡಿಸಿಬಿಟ್ಟಿದ್ದೆವು. ಅಷ್ಟೇ.

ಹೊಸ ಓದುಗರಿಗೊಂದು ಮಾತು. ನನ್ನ ಕಿಡ್ನಿಗಳು ಎರಡು ವರ್ಷದ ಹಿಂದೆಯೇ ವಿಆರ್‌ಎಸ್ ತೆಗೆದುಕೊಂಡಿವೆ (ಹಳಬರಿಗೆ ಈ ಪುರಾಣ ಗೊತ್ತು). ವಾರಕ್ಕೆ ಮೂರು ದಿನ ರಾಮಮೂರ್ತಿ ನಗರದಿಂದ ಹಲಸೂರಿಗೆ ಬಂದು ನಾಲ್ಕು ಗಂಟೆ ಮಲಗುತ್ತೇನೆ. ಒಂದು ಕೈಯಲ್ಲಿ ಎರಡು ಸೂಜಿ. ರಕ್ತ ಹೊರಗೆ ಹೋಗಿ, ಮೆಷಿನ್ನಿನಲ್ಲಿ ತೊಳೆಸಿಕೊಂಡು, ವಾಪಸ್ ಒಳಗೆ ಬರುತ್ತದೆ. ಆ ಕೈ ಕದಲಿಸುವಂತಿಲ್ಲ. ಉಳಿದಿರುವುದು ಇನ್ನೊಂದು ಕೈ, ಎರಡು ಕಣ್ಣು ಮತ್ತು ಗೋಡೆಯ ಮೇಲಿನ ಟಿವಿ.

ಪಕ್ಕದ ಬೆಡ್ಡಿನ ಮುನಿಸ್ವಾಮಪ್ಪನವರು ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಮಾತು ಕಡಿಮೆ. ವಾರ್ಡಿಗೆ ಬಂದ ಮೊದಲ ದಿನವೇ ಅವರು ಶಬಾನಾಳಿಂದ (ನಮಗೆ ಸೂಜಿ ಚುಚ್ಚುವ ಟೆಕ್ನಿಷಿಯನ್, ಶಿವಾಜಿನಗರದವಳು) ರಿಮೋಟ್ ಇಸಿದುಕೊಂಡು ರೆಸ್ಲಿಂಗ್ ಹಾಕಿದರು. ಮಂಗಳವಾರ ಮತ್ತು ಶನಿವಾರ ಬೆಳಿಗ್ಗೆ ಅಮೆರಿಕದಿಂದ ನೇರ ಪ್ರಸಾರ. ನಮ್ಮ ಮೊದಲ ಶಿಫ್ಟಿಗೆ ಸರಿಯಾಗಿ.

ನಾನು ಮೂಗು ಮುರಿದೆ. ಎಂ.ಎ. ಓದಿದವಳು, ಪೇಪರಿಗೆ ಬರೆಯುವವಳು, ಚಡ್ಡಿ ಹಾಕಿಕೊಂಡ ಗಂಡಸರು ಹೊಡೆದಾಡುವ ನಾಟಕ ನೋಡಬೇಕೆ? ಯಾರು ಗೆಲ್ಲುತ್ತಾರೆಂದು ಮೊದಲೇ ಬರೆದಿಟ್ಟಿರುತ್ತಾರಲ್ಲವೇ ಎಂದು ಕೇಳಿದೆ. ಕೇಳಿದ ದನಿಯಲ್ಲಿ ಸ್ವಲ್ಪ ಕೊಂಕೂ ಇತ್ತು.

ಮುನಿಸ್ವಾಮಪ್ಪನವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ಗೆಲ್ಲೋದು ಬರ್ದಿರ್ತಾರೆ ಮೇಡಂ. ಬೀಳೋದು ಕಾಗದದ ಮೇಲೆ ಆಗಲ್ಲ, ಬೆನ್ನು ಕೊಟ್ಟೇ ಬೀಳ್ಬೇಕು. ಎತ್ತೋನಿಗಿಂತ ಬೀಳೋನು ಜಾಸ್ತಿ ಕಲ್ತಿರ್ಬೇಕು. ನೋಡಿ, ಅವನ ಕತ್ತು ಇವನ ಕೈಲಿದೆ. ನಂಬಿ ಕೊಟ್ಟಿದಾನೆ."

ಅವತ್ತಿನಿಂದ ನಾನೂ ಬೀಳುವವನನ್ನೇ ನೋಡತೊಡಗಿದೆ. ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಾನೆ. ಅಂಗೈ ಅಗಲಿಸಿ ನೆಲಕ್ಕೆ ಬಡಿಯುತ್ತಾನೆ. ಪೂರ್ತಿ ಬೆನ್ನು ತಾಗುವ ಹಾಗೆ ಬೀಳುತ್ತಾನೆ. ಎತ್ತಿದವನೋ, ಅವನ ತಲೆಗೆ ಪೆಟ್ಟಾಗದಂತೆ ಇಳಿಸುತ್ತಾನೆ. ಕೊಲ್ಲುವವನ ಮುಖ ಮಾಡಿಕೊಂಡು ಕಾಪಾಡುವ ಕೆಲಸ. ಎರಡು ತಿಂಗಳಲ್ಲಿ ಯಾರು ಒಳ್ಳೆಯವನು, ಯಾರು ಗೆಳೆಯನಿಗೆ ಮೋಸ ಮಾಡಿದ, ಚಾಂಪಿಯನ್ ಬೆಲ್ಟ್ ಈಗ ಯಾರ ಸೊಂಟದಲ್ಲಿದೆ, ಎಲ್ಲ ನನಗೆ ಬಾಯಿಪಾಠವಾಯಿತು.

ಆಮೇಲೊಂದು ಮಂಗಳವಾರ ಆ ಚಾನೆಲ್ಲಿನಲ್ಲಿ ರೆಸ್ಲಿಂಗೇ ಇಲ್ಲ. ಅದರ ಜಾಗದಲ್ಲಿ ಯಾವುದೋ ಹಳೆಯ ಕಬಡ್ಡಿ. ಶಬಾನಾ ಫೋನಿನಲ್ಲಿ ಹುಡುಕಿ ಸುದ್ದಿ ಹೇಳಿದಳು. ಇನ್ನು ಮೇಲೆ ಟಿವಿಯಲ್ಲಿ ಬರುವುದಿಲ್ಲವಂತೆ, ಆ್ಯಪ್‌ನಲ್ಲಿ ಮಾತ್ರವಂತೆ. ಮುನಿಸ್ವಾಮಪ್ಪನವರದು ಬಟನ್ ಒತ್ತುವ ಫೋನು.

ಅವತ್ತು ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಶನಿವಾರವೂ ಹಾಗೇ. ಅದರ ಮುಂದಿನ ಮಂಗಳವಾರ, ಎರಡು ಗಂಟೆಯೂ ಆಗಿರಲಿಲ್ಲ, ಮೆಷಿನ್ ನಿಲ್ಲಿಸಿ ಮನೆಗೆ ಕಳಿಸಿ ಎಂದು ಹಟ ಹಿಡಿದರು. ಅರ್ಧ ಡಯಾಲಿಸಿಸ್ ಎಂದರೆ ಅರ್ಧ ವಿಷ ಮೈಯೊಳಗೇ ಉಳಿಯುತ್ತದೆ. ಶಬಾನಾ ಬೇಡಿಕೊಂಡಳು. ಅವರು ಕೇಳಲಿಲ್ಲ, ತಮ್ಮದೇ ಜವಾಬ್ದಾರಿ ಎಂದು ಸಹಿ ಹಾಕಿ ಹೋದರು. ನನಗೆ ನಿಜಕ್ಕೂ ಭಯವಾಯಿತು. ಇಂಥ ವಾರ್ಡುಗಳಲ್ಲಿ ಬೇಸರದಿಂದ ಹೋದವರು ಕೆಲವೊಮ್ಮೆ ಮತ್ತೆ ಬರುವುದೇ ಇಲ್ಲ.

ಆ ಆ್ಯಪ್ ನಮ್ಮ ಮನೆಯಲ್ಲಿತ್ತು. ನನ್ನ ಗಂಡ ಮತ್ತು ಮಗಳು ಕೊರಿಯನ್ ಸೀರಿಯಲ್ ನೋಡಿ ಅಳುವುದು ಅದರಲ್ಲೇ. ಗುರುವಾರ ಮುನಿಸ್ವಾಮಪ್ಪನವರು ವಾರ್ಡಿಗೆ ಬಂದರು (ಬದುಕಿದೆ ಅಂದುಕೊಂಡೆ). ಶನಿವಾರ ನಾನು ಮಗಳ ಟ್ಯಾಬ್ ಎತ್ತಿಕೊಂಡೇ ಬಂದೆ.

ಹೇಳಿದಷ್ಟು ಸುಲಭವಲ್ಲ ಅದು. ಒಂದೇ ಕೈಯಲ್ಲಿ ಹಿಡಿದರೆ ಹತ್ತು ನಿಮಿಷಕ್ಕೆ ಕೈ ಸೋಲುತ್ತದೆ. ಹೊಟ್ಟೆಯ ಮೇಲಿಟ್ಟರೆ ಜಾರುತ್ತದೆ, ಪಕ್ಕದವರಿಗೆ ಕಾಣುವುದೂ ಇಲ್ಲ. ಅಷ್ಟರಲ್ಲಿ ಆ್ಯಪ್ ತಕರಾರು ತೆಗೆಯಿತು, ಈ ಟ್ಯಾಬ್ ನಿಮ್ಮ ಮನೆಯಲ್ಲಿ ಇಲ್ಲವಲ್ಲ ಎಂದು. (ನಾನೇನು ಖುಷಿಗೆ ಮನೆ ಬಿಟ್ಟು ಇಲ್ಲಿ ಮಲಗಿದ್ದೇನೆಯೇ?) ಮಗಳಿಗೆ ಫೋನ್ ಮಾಡಿ ಕೋಡ್ ಕೇಳಿ ಹಾಕಿದೆ.

ಉಳಿದದ್ದನ್ನು ಮುನಿಸ್ವಾಮಪ್ಪನವರು ನೋಡಿಕೊಂಡರು. ದಿಂಬಿಗೆ ಒರಗಿ, ಡ್ರಿಪ್ ಸ್ಟ್ಯಾಂಡಿನ ಕಡೆ ಬೆರಳು ತೋರಿಸಿ, ಶಬಾನಾಗೆ ಒಂದೊಂದೇ ಹೇಳಿದರು: ಎಷ್ಟು ಎತ್ತರಕ್ಕೆ, ಬ್ಯಾಂಡೇಜ್ ಎಲ್ಲಿ ಸುತ್ತಬೇಕು, ಗಂಟು ಯಾವ ಕಡೆ ಬರಬೇಕು. ಎರಡು ಬೆಡ್ಡಿನ ನಡುವೆ ಟ್ಯಾಬ್ ಗಟ್ಟಿಯಾಗಿ ನಿಂತಿತು. ಎದುರು ಬೆಡ್ಡಿನ ಸರೋಜಮ್ಮನವರು ಅದನ್ನು ತಮ್ಮ ಕಡೆಗೂ ಒಂಚೂರು ತಿರುಗಿಸಲು ಹೇಳಿದರು. ಅವತ್ತು ಯಾರೂ ಬೇಗ ಮನೆಗೆ ಹೋಗುತ್ತೇನೆ ಎನ್ನಲಿಲ್ಲ.

ಹೀಗೆ ಕೆಲವು ವಾರ ನಡೆಯಿತು. ಆಮೇಲೆ ಬಂದದ್ದೇ ಮೂರು ಅಲಾರಂ ಹೊಡೆದುಕೊಂಡ ಆ ಮಂಗಳವಾರ.

ಸದ್ದು ಕೇಳಿ ಸೆಂಟರಿನ ಮ್ಯಾನೇಜರ್ ಓಡಿಬಂದರು. ಒಳ್ಳೆಯ ಮನುಷ್ಯ, ಅನುಮಾನವಿಲ್ಲ. ಟ್ಯಾಬ್ ನೋಡಿ ಗಾಬರಿಯಾದರು. ಪೇಷಂಟ್‌ಗಳು ಶಾಂತವಾದದ್ದನ್ನು ನೋಡಬೇಕು, ಭಜನೆ ಇದೆ, ಪ್ರವಚನ ಇದೆ, ಕಾಡುಪ್ರಾಣಿಗಳ ಚಾನೆಲ್ ಇದೆ ಎಂದರು. (ಅಲ್ಲಿ ಹುಲಿ ಜಿಂಕೆಯ ಕತ್ತು ಹಿಡಿಯುವುದು ಶಾಂತಿಯೇ?) ಇದರಿಂದ ಬಿಪಿ ಏರುತ್ತದೆ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದೂ ಸೇರಿಸಿದರು. ಟ್ಯಾಬ್ ಬಿಚ್ಚಲು ಕೈ ಹಾಕಿದರು.

ಮುನಿಸ್ವಾಮಪ್ಪನವರು ಮೆಲ್ಲಗೆ ಹೇಳಿದರು:

"ಭಜನೆ ನಾನು ಸತ್ ಮೇಲೆ ಹೆಂಗೂ ಹಾಕ್ತಾರೆ ಸರ್. ಈಗ ಇದಿರ್ಲಿ."

ಮ್ಯಾನೇಜರ್ ಕೈ ಅಲ್ಲೇ ನಿಂತಿತು. ಆಗ ಶಬಾನಾ ಮುನಿಸ್ವಾಮಪ್ಪನವರ ಚಾರ್ಟ್ ತಂದು ಹಿಡಿದಳು. ಡಯಾಲಿಸಿಸ್ ನಡೆಯುವಾಗ ಇವರಿಗೆ ಬಿಪಿ ಏರುವುದಲ್ಲ, ಇಳಿದುಹೋಗುವುದೇ ತೊಂದರೆ, ರೆಸ್ಲಿಂಗ್ ಇರುವ ದಿನ ಇಳಿಯುವುದಿಲ್ಲ ಎಂದು ತೋರಿಸಿದಳು. ಮ್ಯಾನೇಜರ್ ಹಾಳೆ ತಿರುವಿದರು. ಮುಖ ಸಡಿಲವಾಯಿತು. ಹಾಗಾದರೆ ಇದನ್ನು ಥೆರಪಿ ಅಂತ ಮಾಡಿಸೋಣ, ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿ ಎಂದರು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ರೇಗಿದ್ದೇ ಆಗ.

"ಚೀಟಿ ಬೇಡ ಸರ್. ನಾವು ಬಿಪಿಗೋಸ್ಕರ ನೋಡ್ತಿಲ್ಲ, ಇಷ್ಟ ಅಂತ ನೋಡ್ತಿದೀವಿ. ಕೈ ಅಲುಗಾಡಿಸಿದ್ದು ನಮ್ಮ ತಪ್ಪು, ಅದಕ್ಕೆ ಬೈಯಿರಿ. ಟ್ಯಾಬ್ ಮಾತ್ರ ತೆಗೆಯಲ್ಲ."

ಅವರು ಬೈಯಲಿಲ್ಲ. ಸೌಂಡ್ ಕಮ್ಮಿ ಇರಲಿ ಎಂದಷ್ಟೇ ಹೇಳಿ ಹೋದರು. ಶನಿವಾರ ಶಬಾನಾ ನಮ್ಮ ಮೂವರ ಕೈಯನ್ನೂ ದಿಂಬಿನ ಮೇಲಿಟ್ಟು ಮೆತ್ತನೆಯ ಪಟ್ಟಿ ಕಟ್ಟಿದಳು. ಟ್ಯಾಬಿನಲ್ಲಿ ಒಬ್ಬ ರಿಂಗಿನ ಹಗ್ಗದ ಮೇಲಿಂದ ಹಾರಿದ. ಒಂದು ಅಲಾರಮ್ಮೂ ಹೊಡೆಯಲಿಲ್ಲ.

ಕಾಯಿಲೆ ಬಂದ ಕೂಡಲೇ ನಮಗೆ ಯಾವುದು ಇಷ್ಟವಾಗಬೇಕೆಂದು ಊರೆಲ್ಲ ಕೂತು ತೀರ್ಮಾನಿಸುತ್ತದೆ. ಅಯ್ಯೋ ಪಾಪ ಎನ್ನುತ್ತಲೇ ರಿಮೋಟ್ ಕಿತ್ತುಕೊಳ್ಳುತ್ತದೆ. ಮಾತು ಹೆಚ್ಚಾಯಿತು ಅನ್ನಿಸಿದರೆ ಅನ್ನಿಸಲಿ. ಉಪ್ಪು ಬಿಟ್ಟಿದ್ದೇವೆ, ಬಾಳೆಹಣ್ಣು ಬಿಟ್ಟಿದ್ದೇವೆ, ಎಳನೀರು ಬಿಟ್ಟಿದ್ದೇವೆ, ಕುಡಿಯುವ ನೀರನ್ನೂ ಲೋಟದಲ್ಲಿ ಅಳೆದು ಕುಡಿಯುತ್ತೇವೆ.

ಇನ್ನು ರೆಸ್ಲಿಂಗನ್ನೂ ಬಿಡಬೇಕೆ?